ನೆಲದ ಕೆಳಗೆ ಪೈಪು, ನೆಲದ ಮೇಲೆ ನಾವು

ಗ್ಯಾಸು ಸಿಲಿಂಡರಿನಲ್ಲಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗ್ಯಾಸು ನೆಲದ ಕೆಳಗೂ ಹರಿಯುತ್ತದೆ. ಉಕ್ಕಿನ ಪೈಪಿನಲ್ಲಿ ನೂರಾರು ಕಿಲೋಮೀಟರು ಹೋಗುತ್ತದೆ. ಯಾರ ಹೊಲದಲ್ಲಿ? ಯಾರ ಮನೆ ಪಕ್ಕದಲ್ಲಿ? ತಿಳಿದುಕೊಳ್ಳೋಣ.

ಕೊಚ್ಚಿಯಿಂದ ಮಂಗಳೂರಿಗೆ

ಕೇರಳದ ಕೊಚ್ಚಿಯಿಂದ ನಮ್ಮ ಮಂಗಳೂರಿಗೆ ಇಂಥ ಒಂದು ಪೈಪು ಇದೆ. ಉದ್ದ ಸುಮಾರು 450 ಕಿಲೋಮೀಟರು. 2021ರ ಜನವರಿ 5ರಂದು ಅದರ ಉದ್ಘಾಟನೆ ಆಯಿತು. ಹಡಗಿನಲ್ಲಿ ಬಂದ ಗ್ಯಾಸನ್ನು ಕೊಚ್ಚಿಯಲ್ಲಿ ಇಳಿಸಿ ಈ ಪೈಪಿಗೆ ಬಿಡುತ್ತಾರೆ. ಕಾರ್ಖಾನೆಗೆ, ವಾಹನಕ್ಕೆ, ಮನೆಯ ಒಲೆಗೆ ಅದು ಬೇಕು. ಬೇಡ ಅನ್ನುವಂತಿಲ್ಲ. ಆದರೆ ಹೇಗೆ ಹಾಕುತ್ತಾರೆ ಅಂತ ಕೇಳಲೇಬೇಕು.

ಯಾಕೆಂದರೆ ಕೊಚ್ಚಿಯ ಸುತ್ತ ವೆಂಬನಾಡು ಹಿನ್ನೀರು ಇದೆ. ಅದು ಜೌಗು ನೆಲ. ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಒಂದಿದೆ. ಅದಕ್ಕೆ ರಾಮ್ಸಾರ್ ಪಟ್ಟಿ ಅನ್ನುತ್ತಾರೆ. ವೆಂಬನಾಡು 2002ರಲ್ಲಿ ಆ ಪಟ್ಟಿಗೆ ಸೇರಿತು.

ಜೌಗು ಅಂದರೆ ಬರೀ ಕೆಸರಲ್ಲ

ಜೌಗು ನೆಲ ಮಳೆ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ನೆರೆಯ ಹೊಡೆತ ತಗ್ಗಿಸುತ್ತದೆ. ಅಕ್ಕಪಕ್ಕದ ಬಾವಿಗೆ ನೀರು ಊರುತ್ತದೆ. ಮೀನು ಮರಿ ಮಾಡುವುದು ಅಲ್ಲೇ. ವೆಂಬನಾಡಿನಲ್ಲಿ ಕಪ್ಪೆಚಿಪ್ಪು ಆರಿಸಿ ಹೊಟ್ಟೆ ಹೊರೆಯುವ ಸಂಸಾರಗಳಿವೆ.

ಇಂಥ ಕಡೆ ಉದ್ದಕ್ಕೆ ಅಗೆದರೆ ನೀರಿನ ದಾರಿ ತಪ್ಪಬಹುದು. ಒಂದು ಕಡೆ ಒಣಗಬಹುದು. ಇನ್ನೊಂದು ಕಡೆ ನೀರು ನಿಂತು ಮನೆಗೆ ನುಗ್ಗಬಹುದು. ಅದಕ್ಕೇ ಹೊಳೆ, ಜೌಗು ಇರುವ ಕಡೆ ತಳದ ಕೆಳಗೆ ಸುರಂಗದಂತೆ ಕೊರೆಯುವ ಉಪಾಯವೂ ಇದೆ. ಒಂದು ದಡದಿಂದ ಕೊರೆಯುತ್ತಾರೆ. ಆಚೆ ದಡದಿಂದ ಪೈಪನ್ನು ಎಳೆದು ತರುತ್ತಾರೆ. ಕಾಸರಗೋಡಿನ ಚಂದ್ರಗಿರಿ ಹೊಳೆಯನ್ನು ಪೈಪು ದಾಟಿದ್ದು ಹೀಗೇ. ಇದರಲ್ಲೂ ಎಚ್ಚರ ಬೇಕು. ಕೊರೆಯುವಾಗ ಬಳಸುವ ಜೇಡಿಮಣ್ಣಿನ ರಾಡಿ ಮೇಲೆ ಉಕ್ಕಿದರೆ ನೀರು ಕೆಡುತ್ತದೆ.

ಜನರ ಭಯ ಸುಳ್ಳಲ್ಲ

2014ರ ಜೂನ್ 27ರಂದು ಆಂಧ್ರದ ನಗರಂ ಎಂಬ ಊರಿನಲ್ಲಿ ಗ್ಯಾಸಿನ ಪೈಪು ಸೋರಿತು. ಬೆಳಗಿನ ಜಾವ ಬೆಂಕಿ ಹತ್ತಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಕೋಯಿಕ್ಕೋಡಿನ ಮುಕ್ಕಂ ಬಳಿ ಜನ ಬೀದಿಗೆ ಇಳಿದಿದ್ದರು. ಮನೆ ಪಕ್ಕ ಪೈಪು ಬೇಡ ಎಂದರು.

ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ದೊಡ್ಡ ಪೈಪಿನ ಗ್ಯಾಸಿಗೆ ವಾಸನೆ ಇಲ್ಲದೆಯೂ ಇರಬಹುದು. ಬುಸ್ ಅಂತ ಸದ್ದು ಬಂದರೆ, ನೀರಿನಲ್ಲಿ ಗುಳ್ಳೆ ಎದ್ದರೆ, ಪೈಪಿನ ದಾರಿಯಲ್ಲಿ ಮಾತ್ರ ಹುಲ್ಲು ಒಣಗಿದರೆ ಅನುಮಾನ ಪಡಬೇಕು. ಕಡ್ಡಿ ಗೀರಬಾರದು. ದೂರ ಹೋಗಬೇಕು. ಆಮೇಲೆ ಪೈಪಿನ ದಾರಿಯ ಗುರುತು ಕಂಬದ ಮೇಲಿನ ನಂಬರಿಗೆ, ಇಲ್ಲವೇ 112ಕ್ಕೆ ಫೋನು ಮಾಡಬೇಕು.

ಕಾನೂನು ಏನು ಹೇಳುತ್ತದೆ?

ಇದಕ್ಕೆ 1962ರ ಕಾಯಿದೆ ಒಂದಿದೆ. ಅದರಲ್ಲಿ ಹೀಗಿದೆ:

ಜಮೀನು ನಮ್ಮದೇ ಆಗಿ ಉಳಿಯುತ್ತದೆ. ಪೈಪು ಹಾಕುವ ಹಕ್ಕು ಮಾತ್ರ ಅವರಿಗೆ ಹೋಗುತ್ತದೆ.

ಪ್ರಕಟಣೆಗೆ ಮೊದಲೇ ವಾಸದ ಮನೆ ಇದ್ದ ಜಾಗದಲ್ಲಿ, ಮನೆಗೆ ಸೇರಿದ ಹಿತ್ತಲಿನಲ್ಲಿ ಪೈಪು ಹಾಕುವಂತಿಲ್ಲ.

ಪೈಪು ಕಡಿಮೆ ಅಂದರೂ 1 ಮೀಟರು ಆಳದಲ್ಲಿ ಇರಬೇಕು. ಅಂದರೆ ಎರಡು ಮೊಳಕ್ಕಿಂತ ಸ್ವಲ್ಪ ಹೆಚ್ಚು.

ಪೈಪು ಹೋದ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ. ಬಾವಿ ತೋಡುವಂತಿಲ್ಲ. ಮರ ನೆಡುವಂತಿಲ್ಲ.

ಬೆಳೆ ಹಾಳಾದರೆ ಪರಿಹಾರ ಕೊಡಬೇಕು. ಜೊತೆಗೆ ಆ ಜಾಗದ ಬೆಲೆಯಲ್ಲಿ ನೂರಕ್ಕೆ 10 ರೂಪಾಯಿಯಂತೆ ಕೊಡಬೇಕು. ಸಾಲದು ಅನ್ನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು.

ಒಪ್ಪಿಗೆ ಇಲ್ಲದಿದ್ದರೆ ತಕರಾರು ಬರೆದು ಕೊಡಬಹುದು. ಪ್ರಕಟಣೆಯ ಪ್ರತಿ ಜನರಿಗೆ ಸಿಗುವಂತೆ ಮಾಡಿದ ದಿನದಿಂದ 21 ದಿನದ ಒಳಗೆ ಕೊಡಬೇಕು. ಆ 21 ದಿನ ಮುಖ್ಯ. ಕಾಗದ ಓದದೆ ಗೂಡಿನಲ್ಲಿ ಇಟ್ಟರೆ ದಿನ ಕಳೆದು ಹೋಗುತ್ತದೆ.

ಜೌಗಿನ ಪರವಾಗಿ ಯಾರು?

ಹೊಲಕ್ಕೆ ಒಡೆಯರಿದ್ದಾರೆ. ತಕರಾರು ಹೇಳುತ್ತಾರೆ. ಜೌಗಿಗೆ ಯಾರ ಹೆಸರಿನ ಪಹಣಿ ಇದೆ? ಅದರಲ್ಲಿ ಬದುಕುವ ಮೀನಿಗೆ, ಕೊಕ್ಕರೆಗೆ ಅರ್ಜಿ ಬರೆಯಲು ಬರುತ್ತದೆಯೇ? ಅದರ ಪರವಾಗಿ ಬರೆಯಬೇಕಾದವರು ನಾವೇ. 2017ರ ನಿಯಮದ ಪ್ರಕಾರ ಪ್ರತಿ ರಾಜ್ಯದಲ್ಲೂ ಜೌಗು ನೆಲ ನೋಡಿಕೊಳ್ಳುವ ಪ್ರಾಧಿಕಾರ ಇರಬೇಕು. ಅದಕ್ಕೆ, ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು: ‘ನೀರಿನ ದಾರಿ ಯಾವುದು? ಅಗೆಯುತ್ತೀರೋ, ಕೆಳಗೆ ಕೊರೆಯುತ್ತೀರೋ? ಕೆಲಸ ಮುಗಿದ ಮೇಲೆ ಮಣ್ಣನ್ನು ಮೊದಲಿನಂತೆ ಮುಚ್ಚುತ್ತೀರಾ?’

ಪಹಣಿಯಲ್ಲಿ ಗಂಡಸರ ಹೆಸರೇ ಇರಬಹುದು. ಆದರೆ ಬಾವಿಯಿಂದ ನೀರು ಸೇದುವವರು ನಾವು. ರಾತ್ರಿ ಮಕ್ಕಳನ್ನು ಮಲಗಿಸುವವರು ನಾವು. ಆ ಕಾಗದ ಮನೆಗೆ ಬಂದರೆ ನಾವೂ ಓದೋಣ, ಅಕ್ಕ. ಅರ್ಥವಾಗದಿದ್ದರೆ ನಾಲ್ಕು ಜನ ಕೂಡಿ ಓದೋಣ. ಓದಿದ ಮೇಲೆ ಮಾತ್ರ ಸಹಿ ಹಾಕೋಣ.