ಕಾಡು ಕುದುರೆಯ ಓಟ

ಕನ್ನಡ ಚಲನಚಿತ್ರದ ‘ಹೊಸ ಅಲೆ’ ಮೊದಲು ಎದ್ದದ್ದು ಕಡಲ ತಡಿಯಲ್ಲಲ್ಲ, ನಮ್ಮ ಮಲೆನಾಡಿನಲ್ಲಿ. 1970ರ ‘ಸಂಸ್ಕಾರ’ ಚಿತ್ರವು ಬಹುಪಾಲು ಚಿತ್ರಿತವಾದದ್ದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ಎಂಬುದನ್ನು ನಮ್ಮಲ್ಲನೇಕರು ಮರೆತಿದ್ದೇವೆ. ಆ ಅಲೆಯ ಚಿತ್ರಗಳಲ್ಲಿ ಹಾಡಿಗೆ ಮನ್ನಣೆ ಕಡಮೆ. ಮರ ಸುತ್ತುವ ಯುಗಳಗೀತೆಗಳನ್ನು ಅವು ಬೇಕೆಂದೇ ದೂರವಿಟ್ಟವು. ಹೀಗಿರುವಾಗ ಅದೇ ಬಳಿಯ ಒಂದು ಚಿತ್ರದ ಹಾಡು ಚಿತ್ರವನ್ನೇ ಮೀರಿ ಬಾಳಿತೆಂಬುದು ಸೋಜಿಗವಲ್ಲವೆ?

ಅದು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’. ನಿರ್ದೇಶನ ಅವರದೇ, ಹಾಡೂ ಅವರದೇ, ಅದರ ಧಾಟಿಯೂ ಅವರದೇ. ಹಾಡಿದವರು ಶಿವಮೊಗ್ಗ ಸುಬ್ಬಣ್ಣನವರು. 1978ರ ಚಿತ್ರಗಳಿಗೆ ಸಂದ 26ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ಗೌರವ ಅವರಿಗೆ ದೊರೆಯಿತು. ಆ ಗೌರವವನ್ನು ಪಡೆದ ಮೊದಲ ಕನ್ನಡಿಗರು ಅವರು. ವೃತ್ತಿಯಿಂದ ವಕೀಲರು! ಡಾ. ರಾಜಕುಮಾರರಂಥವರಿಗೂ ಅದು ಸಂದದ್ದು 1992ರ ‘ಜೀವನಚೈತ್ರ’ದ ಹಾಡಿಗೆ.

ಇಂದು ಆ ಚಿತ್ರವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಹಾಡನ್ನು ಕೇಳದವರಾದರೋ ವಿರಳ. ಇದಕ್ಕೆ ಪ್ರಶಸ್ತಿಯೊಂದೇ ಕಾರಣವಾಗಲಾರದು. ಪ್ರಶಸ್ತಿ ಪಡೆದೂ ಮರೆಯಾದ ಹಾಡುಗಳಿಗೆ ಲೆಕ್ಕವಿಲ್ಲ.

ನನಗೆ ತೋರುವ ಮೊದಲ ಕಾರಣ, ಹಾಡಿನ ವಾಕ್ಯರಚನೆ. ನುಡಿಯಲ್ಲಿ ಊರಾಚೆಯ ದಾರಿ, ಮೂಡಣದ ಬೆಟ್ಟ, ಮುಗಿಲಿನಿಂದ ಉದುರುವ ಉಲ್ಕೆ ಒಂದರ ಬೆನ್ನಿಗೊಂದು ಬರುತ್ತವೆ. ಕ್ರಿಯಾಪದ ಮಾತ್ರ ಬರುವುದಿಲ್ಲ. ಅದು ದೊರೆಯುವುದು ನುಡಿಯ ಕೊನೆಯಲ್ಲೇ. ಅಲ್ಲಿಯವರೆಗೆ ಕೇಳುವವನು ಉಸಿರು ಹಿಡಿದಿರಬೇಕು. ಕುದುರೆಯ ಓಟವನ್ನು ಬಣ್ಣಿಸುವುದು ಒಂದು, ಭಾಷೆಯನ್ನೇ ಓಡಿಸುವುದು ಇನ್ನೊಂದು. ಕಂಬಾರರು ಮಾಡಿದ್ದು ಎರಡನೆಯದು. ಪ್ರೇಮವಿಲ್ಲ, ವಿರಹವಿಲ್ಲ, ಬೋಧೆಯಿಲ್ಲ. ಆ ಕುದುರೆ ಏತರ ಸಂಕೇತವೆಂದು ವಿಮರ್ಶಕರು ಚರ್ಚಿಸಲಿ. ಕೇಳುವಾಗ ಅದು ಬರೀ ಕುದುರೆ, ಯಾರ ಕೈಗೂ ಸಿಕ್ಕದ್ದು.

ಎರಡನೆಯದು, ಆಡುಮಾತಿನ ವಿಚಾರ. ಇದನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಅವರ ‘ಹಾಂಗ’, ‘ಹೀಂಗ’ಗಳು ನಮ್ಮವಲ್ಲ. ಸುಬ್ಬಣ್ಣನವರು ನಮ್ಮ ಪಕ್ಕದ ನಗರದವರು, ಹೊಸನಗರ ತಾಲ್ಲೂಕು. ಬಯಲುಸೀಮೆಯ ಮಾತು ಮಲೆನಾಡಿನ ಕಂಠದಿಂದ ಹೊರಟಿತು. ಅದನ್ನು ತಿದ್ದಿ ‘ಶುದ್ಧ’ಗೊಳಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಮನೆಯಲ್ಲಿ ಒಂದು ಕನ್ನಡ, ತರಗತಿಯಲ್ಲಿ ಇನ್ನೊಂದು ಕನ್ನಡ ಆಡುವ ನನ್ನಂಥ ವಿದ್ಯಾರ್ಥಿಗಳಿಗೆ ಇದು ಸಣ್ಣ ಸಂಗತಿಯಲ್ಲ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಾಯಿತಪ್ಪಿ ಮನೆಮಾತು ಬಂದಾಗ ಸಹಪಾಠಿಗಳು ನಕ್ಕದ್ದುಂಟು. ತಿದ್ದದ ಆಡುಮಾತಿಗೆ ದಿಲ್ಲಿಯ ಮನ್ನಣೆ ದೊರೆತಿತ್ತೆಂದು ಅರಿತ ದಿನ ನನಗಾದ ಧೈರ್ಯವನ್ನು ಬಣ್ಣಿಸಲಾರೆ. ಅಡಿಕೆ ಸುಲಿಯುತ್ತ ಹಾಡು ಕೇಳಿದ ಅವ್ವ “ಇದು ನಮ್ಮ ಕಡೇ ಮಾತಲ್ಲ ಕಣಾ” ಎಂದಳು. ಆದರೆ ಅರ್ಥವನ್ನು ಕೇಳಲಿಲ್ಲ. ನಾನಾದರೋ ವಿವರಿಸಲು ಸಿದ್ಧನಾಗಿ ಕುಳಿತಿದ್ದೆ!

ಸುಬ್ಬಣ್ಣನವರು 2022ರ ಆಗಸ್ಟ್ 11ರಂದು ನಿಧನರಾದರು. ನಮ್ಮ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಗೀತೆಗಳನ್ನೂ ಅವರು ನಾಡಿನುದ್ದಕ್ಕೂ ಹಾಡಿದರು. ಆದರೂ ಅವರ ಹೆಸರೆತ್ತಿದೊಡನೆ ಜನ ಕೇಳುತ್ತಿದ್ದುದು ಆ ಕುದುರೆಯನ್ನೇ. ಗಾಯನ ಸ್ಪರ್ಧೆಗಳಲ್ಲಿ ಈಗಲೂ ಇದನ್ನು ಎತ್ತಿಕೊಳ್ಳುವ ಸಾಹಸಿಗಳಿದ್ದಾರೆ. ಉಸಿರು ಸಾಲದೆ ನುಡಿಯ ನಡುವೆ ನಿಂತುಬಿಟ್ಟರೆ, ಹಿಂದಿನ ಬೆಂಚಿನವರು ಪಲ್ಲವಿಯನ್ನು ತಾವೇ ಕೂಗಿ ಹಾಡಿ ಮುಗಿಸುತ್ತಾರೆ.