ಬಂಗಾರಪೇಟೆಯ ಆ ಮೊದಲ ಸಾಲ

1991ರ ಡಿಸೆಂಬರ್‌ನಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಅಲ್ಲಿಯವರೆಗೆ ಯಾರೂ ಕೊಡದಿದ್ದ ಸಾಲವೊಂದನ್ನು ಕೊಟ್ಟಿತು. ಪಹಣಿ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ಸಾಲ ಪಡೆದದ್ದು ಕೋಲಾರ ಜಿಲ್ಲೆಯ ಮುದುಗುಳಿ ಹಳ್ಳಿಯ ವೆಂಕಟೇಶ್ವರ ಮಹಿಳಾ ಸಂಘ. ಸ್ವಸಹಾಯ ಸಂಘವೊಂದಕ್ಕೆ ಬ್ಯಾಂಕ್ ನೇರವಾಗಿ ಕೊಟ್ಟ ಮೊದಲ ಸಾಲ ಇದೇ ಎಂದು ಮೈರಾಡ ಸಂಸ್ಥೆ ಗುರುತಿಸುತ್ತದೆ. ಅದರ ಬೆನ್ನಿಗೇ ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆಯೂ ಇನ್ನೊಂದು ಸಂಘಕ್ಕೆ ಸಾಲ ಕೊಟ್ಟಿತು.

ಈ ಕಥೆ ಶುರುವಾದದ್ದು ಒಂದು ಸೋಲಿನಿಂದ. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ, ಮುಂದೆ ಬಡ ರೈತರತ್ತ ತಿರುಗಿ ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. ಅವು 1984–85ರ ಹೊತ್ತಿಗೆ ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆದರೂ ಸಾಲ ಪಡೆದವರು ಸಣ್ಣ ಸಣ್ಣ ಗುಂಪುಗಳಾಗಿ ಮೈರಾಡದ ಬಳಿ ಬಂದು, ‘ದುಡ್ಡು ನಿಮಗೇ ಕಟ್ಟುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ’ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂಬ ಉತ್ತರ ಸಿಕ್ಕಿತು. 1986–87ರ ವೇಳೆಗೆ ಮೈರಾಡ ಕೆಲಸ ಮಾಡುತ್ತಿದ್ದ ಪ್ರದೇಶಗಳಲ್ಲಿ ಇಂಥ ಸುಮಾರು 300 ಗುಂಪುಗಳಿದ್ದವು.

ಗುಂಪಿನ ಕೈಗೆ ದುಡ್ಡು ಬಂದ ಮೇಲೆ ಅದನ್ನು ಯಾರಿಗೆ, ಎಷ್ಟು, ಯಾತಕ್ಕೆ ಕೊಡಬೇಕೆಂದು ಕೂತು ಮಾತಾಡಲೇಬೇಕಾಯಿತು. ವಾರದ ಸಭೆ ಅಲ್ಲಿಂದ ಗಟ್ಟಿಯಾಯಿತು.

ಸೀಮೆ ಹಸು ಕೊಳ್ಳಲು ಒಬ್ಬಾಕೆ ಸಾಲ ಕೇಳುತ್ತಾಳೆ ಎಂದುಕೊಳ್ಳಿ. ಹುಲ್ಲು ಎಲ್ಲಿಂದ ತರ್ತೀಯಮ್ಮ, ಬೋರ್‌ವೆಲ್‌ನಲ್ಲಿ ನೀರಿದೆಯಾ ಎಂದು ಒಬ್ಬರು ಕೇಳುತ್ತಾರೆ. ಡೇರಿ ಬಟವಾಡೆ ಬರುವ ದಿನಕ್ಕೆ ಕಂತು ಹೊಂದಿಸು ಎಂದು ಇನ್ನೊಬ್ಬರು ಸೂಚಿಸುತ್ತಾರೆ. ಈ ಬೇಸಿಗೆ ಎರಡು ಕುರಿ ಸಾಕು, ಮಳೆ ಬಿದ್ದ ಮೇಲೆ ಹಸುವಿನ ಮಾತು ಎಂದು ಮೂರನೆಯವರು ಹೇಳುತ್ತಾರೆ. ಕೇಳಿದ ಸಾಲ ಒಂದು, ಸಭೆ ಮುಗಿದಾಗ ಒಪ್ಪಿದ ಸಾಲ ಇನ್ನೊಂದು.

ಹೀಗೆ ನಾಲ್ಕು ಜನ ಕೂತು ಉಪಾಯ ಹುಡುಕುವುದಕ್ಕೆ ಶಾಸ್ತ್ರ ಬರೆದವನು ಅಮೆರಿಕದ ಜಾಹೀರಾತು ಕಂಪನಿ ಬಿಬಿಡಿಒದ ಅಲೆಕ್ಸ್ ಆಸ್ಬರ್ನ್. ಬ್ರೈನ್‌ಸ್ಟಾರ್ಮಿಂಗ್ ಎಂಬ ಈ ಪದ್ಧತಿಗೆ ಅವನು ಹಾಕಿದ ನಿಯಮಗಳು ನಾಲ್ಕು: ಟೀಕೆ ಬೇಡ, ಹುಚ್ಚು ವಿಚಾರವೂ ಬರಲಿ, ಸಂಖ್ಯೆ ಹೆಚ್ಚಲಿ, ಒಬ್ಬರ ಮಾತಿಗೆ ಇನ್ನೊಬ್ಬರದನ್ನು ಜೋಡಿಸಿ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಒಟ್ಟಿಗೆ ಕೂತ ನಾಲ್ವರಿಗಿಂತ, ಒಂಟಿಯಾಗಿ ಯೋಚಿಸಿದ ನಾಲ್ವರ ವಿಚಾರಗಳನ್ನು ಕೂಡಿಸಿದಾಗಲೇ ಹೆಚ್ಚು ಸಿಕ್ಕಿದವು. ಸರದಿಗಾಗಿ ಕಾಯುವುದು, ನಕ್ಕಾರು ಎಂಬ ಅಂಜಿಕೆ, ಯಾರಾದರೂ ಹೇಳಲಿ ಎಂಬ ಸೋಮಾರಿತನ ಇದಕ್ಕೆ ಕಾರಣ ಎಂದು ಮುಂದಿನ ಅಧ್ಯಯನಗಳು ಗುರುತಿಸಿದವು.

ಕೋಲಾರದ ಸಂಘಗಳು ಆಸ್ಬರ್ನ್‌ನ ಮೊದಲ ನಿಯಮವನ್ನೇ ಮುರಿದವು. ಇಲ್ಲಿ ಟೀಕೆಗೆ ಬರವಿಲ್ಲ. ಆದರೆ ಟೀಕಿಸುವವಳ ಉಳಿತಾಯವೂ ಸಾಲ ಹೋಗುವ ಅದೇ ಪೆಟ್ಟಿಗೆಯಲ್ಲಿರುತ್ತದೆ. ಜೊತೆಗೆ ಯಾರನ್ನು ಸೇರಿಸಬೇಕೆಂದು ಸದಸ್ಯರೇ ಆರಿಸಿಕೊಂಡಿರುತ್ತಾರೆ. ಸಂಖ್ಯೆ ಇಪ್ಪತ್ತು ದಾಟುವುದಿಲ್ಲ. ಲಾಭದ ವ್ಯವಹಾರ ಮಾಡುವ ಕೂಟದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನರಿದ್ದರೆ ನೋಂದಣಿ ಬೇಕೆಂದು ಹಳೆಯ ಕಂಪನಿ ಕಾಯ್ದೆ ಹಾಕಿದ್ದ ಗೆರೆ ಅದು. ಎಲ್ಲರಿಗೂ ಬಾಯಿ ತೆರೆಯಲು ಅವಕಾಶ ಸಿಗುವ ಗಾತ್ರವೂ ಅದೇ ಆಯಿತು.

1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅದರ ಪ್ರಕಾರ ಸಂಘಕ್ಕೆ ನೋಂದಣಿ ಕಡ್ಡಾಯವಿಲ್ಲ, ಸದಸ್ಯೆಯ ಸಾಲದ ಉದ್ದೇಶವನ್ನು ಬ್ಯಾಂಕ್ ಕೇಳಬೇಕಿಲ್ಲ. ಆ ಪ್ರಶ್ನೆ ಕೇಳುವ ಹೊಣೆ ಸಭೆಯದೇ ಆಯಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಾಗ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸಂಘಗಳು ಹಳ್ಳಿಹಳ್ಳಿಗೂ ಹಬ್ಬಿದವು. ಮುಂದೆ ಕೋಲಾರದ ಡಿಸಿಸಿ ಬ್ಯಾಂಕ್ ಈ ಸಂಘಗಳಿಗೆ ಬಡ್ಡಿರಹಿತ ಸಾಲ ಕೊಟ್ಟಿತು.

ಗುಂಪು ಕೂಡಿದ ಮಾತ್ರಕ್ಕೆ ಚರ್ಚೆ ಹುಟ್ಟುವುದಿಲ್ಲ ಎಂಬುದೂ ಇದೇ ಜಿಲ್ಲೆಯಲ್ಲಿ ಕಂಡಿತು. ಕಿರುಸಾಲ ಕಂಪನಿಗಳೂ ಮಹಿಳೆಯರನ್ನು ಗುಂಪಾಗಿ ಕೂರಿಸಿದವು. ಅಲ್ಲಿ ಸಭೆಯೆಂದರೆ ಹೆಚ್ಚಾಗಿ ಕಂತು ವಸೂಲಿ. ಒಬ್ಬಳೇ ಮೂರ್ನಾಲ್ಕು ಕಡೆ ಸಾಲ ಎತ್ತಿದರೂ ಕೇಳುವವರಿರಲಿಲ್ಲ. 2009ರಲ್ಲಿ ಕೋಲಾರ ಪಟ್ಟಣದ ಅಂಜುಮನ್ ಸಮಿತಿ ಮುಸ್ಲಿಂ ಮಹಿಳೆಯರಿಗೆ ಕಂತು ಕಟ್ಟಬೇಡಿ ಎಂದಾಗ ಮರುಪಾವತಿ ನಿಂತೇಹೋಯಿತು.

ಸ್ವಂತ ಉಳಿತಾಯದ ಸಂಘಕ್ಕೂ ಮಿತಿಯಿದೆ. ಮಾಲೂರಿನ ತರಕಾರಿ, ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು ಯಾವುದರ ದರವೂ ಅದರ ಕೈಯಲ್ಲಿಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ತಡೆ ಹಾಕಿದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿಯಬೇಕಾಯಿತು. ವಿಷಯ ದೆಹಲಿಯವರೆಗೆ ಹೋಯಿತು. ಅಂಥ ತಿಂಗಳಲ್ಲಿ ಸಂಘ ಮಾಡಬಹುದಾದದ್ದು ಇಷ್ಟು: ಯಾರ ಕಂತನ್ನು ಮುಂದಕ್ಕೆ ಹಾಕಬೇಕು, ಮಕ್ಕಳ ಶಾಲೆ ಫೀಸಿಗೆ ಯಾರಿಗೆ ಮೊದಲು ಕೊಡಬೇಕು ಎಂದು ಕೂತು ತೀರ್ಮಾನಿಸುವುದು.