ಡೆಟ್ರಾಯಿಟ್ ಲಯನ್ಸ್ ಸಾರಥಿಗಳನ್ನು ಹುಡುಕಿದ ಬಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಕೂಟವಾದ ಎನ್‌ಎಫ್‌ಎಲ್‌ನಲ್ಲಿ 2008ರ ಋತುವಿನ 16 ಪಂದ್ಯಗಳನ್ನೂ ಸೋತಿದ್ದ ಡೆಟ್ರಾಯಿಟ್ ಲಯನ್ಸ್ ತಂಡವು, 2020ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ತವರಿನಲ್ಲೇ ಹ್ಯೂಸ್ಟನ್‌ಗೆ 41–25ರಿಂದ ಮಣಿದ ಎರಡೇ ದಿನಗಳಲ್ಲಿ, ಮುಖ್ಯ ಕೋಚ್ ಮ್ಯಾಟ್ ಪ್ಯಾಟ್ರಿಷಿಯಾ ಮತ್ತು ಜನರಲ್ ಮ್ಯಾನೇಜರ್ ಬಾಬ್ ಕ್ವಿನ್ ಇಬ್ಬರನ್ನೂ ಒಟ್ಟಿಗೆ ವಜಾ ಮಾಡಿತು. ಜನರಲ್ ಮ್ಯಾನೇಜರ್ ಎಂದರೆ ಆಟಗಾರರ ಆಯ್ಕೆ, ವಿನಿಮಯ ಹಾಗೂ ಒಪ್ಪಂದಗಳನ್ನು ನಿರ್ಧರಿಸುವ ಅಧಿಕಾರಿ. ಹಾಗೆ ಬಂದವರನ್ನು ಪಳಗಿಸಿ ಕಣಕ್ಕಿಳಿಸುವ ಹೊಣೆ ಕೋಚ್‌ನದು. ಇವರಿಬ್ಬರಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ ಬಂದರೆ ತಂಡ ಉಳಿಯದು. ಅದೇ ವರ್ಷ ತಾಯಿಯಿಂದ ತಂಡದ ಹೊಣೆ ವಹಿಸಿಕೊಂಡಿದ್ದ ಶೀಲಾ ಫೋರ್ಡ್ ಹ್ಯಾಂಪ್ ಅವರ ಆಡಳಿತವು ಎರಡೂ ಶೋಧಗಳನ್ನು ಜೊತೆಜೊತೆಗೇ ನಡೆಸಿ, 2021ರ ಜನವರಿಯಲ್ಲಿ ರಾಮ್ಸ್ ತಂಡದ ಪ್ರತಿಭಾನ್ವೇಷಕ ಬ್ರಾಡ್ ಹೋಮ್ಸ್ ಅವರನ್ನು ಜನರಲ್ ಮ್ಯಾನೇಜರ್ ಆಗಿಯೂ, ಸೋಲಿನ ಆ 2008ರ ತಂಡದಲ್ಲೇ ಆಟಗಾರರಾಗಿದ್ದ ಡ್ಯಾನ್ ಕ್ಯಾಂಪ್‌ಬೆಲ್ ಅವರನ್ನು ಮುಖ್ಯ ಕೋಚ್ ಆಗಿಯೂ ನೇಮಿಸಿತು.

ನಮ್ಮನ್ನು ಕೆಡವಿದರೆ ಏಳುವಾಗ ಎದುರಾಳಿಯ ಮಂಡಿಚಿಪ್ಪನ್ನೇ ಕಚ್ಚುತ್ತೇವೆಂದು ಮೊದಲ ಪತ್ರಿಕಾಗೋಷ್ಠಿಯಲ್ಲಿ ಕ್ಯಾಂಪ್‌ಬೆಲ್ ಹೇಳಿದ್ದು ನಗೆಪಾಟಲಾಯಿತು, ನಕ್ಕವರು ಅವಸರಪಟ್ಟರೆನ್ನಬೇಕು. ಹೋಮ್ಸ್ ತಾರಾ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯ ಸೂತ್ರಧಾರ, ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ರಾಮ್ಸ್‌ಗೆ ಬಿಟ್ಟುಕೊಟ್ಟು, ಜ್ಯಾರೆಡ್ ಗಾಫ್ ಅವರೊಂದಿಗೆ ಎರಡು ಮೊದಲ ಸುತ್ತಿನ ಮತ್ತು ಒಂದು ಮೂರನೇ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನು ಪಡೆದರು. ಡ್ರಾಫ್ಟ್ ಎಂಬುದು ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ. ಮೊದಲ ಋತುವಿನಲ್ಲಿ ದಕ್ಕಿದ್ದು ಮೂರೇ ಗೆಲುವು. ಆದರೂ ಮಾಲೀಕರು ಇವರಿಬ್ಬರನ್ನೂ ಬದಲಿಸಲಿಲ್ಲ. 2024ರ ಜನವರಿಯಲ್ಲಿ ಲಯನ್ಸ್, ಸ್ಟಾಫರ್ಡ್ ಇದ್ದ ರಾಮ್ಸ್ ತಂಡವನ್ನೇ 24–23ರಿಂದ ಸೋಲಿಸಿ, 32 ವರ್ಷಗಳ ಬಳಿಕ ಪ್ಲೇಆಫ್, ಅಂದರೆ ನಾಕೌಟ್ ಹಂತದ, ಪಂದ್ಯವೊಂದನ್ನು ಗೆದ್ದಿತು.